ಹತ್ತು ಮೈಕು, ಮೂರು ಖರ್ಜೂರದ ಬೀಜ

ಕೆಳಮಂಚದ ಅಣ್ಣ ಉಮ್ಮರಾಕನಿಗೆ, ಮೇಲ್ಮಂಚದ ತಮ್ಮ ವಲ್ಲಿಯ ಸಲಾಂ.

ಆರು ವರ್ಷ ನಿಮ್ಮ ತಲೆಯ ಮೇಲೆ ಮಲಗಿದವನು ನಾನು. ನಾನು ಮಗ್ಗುಲು ಬದಲಿಸಿದರೆ ಕೆಳಗಿನಿಂದ "ಎಂತ ಮಾರಾಯ, ಭೂಕಂಪವಾ?" ಅನ್ನುತ್ತಿದ್ದಿರಿ. ಈಗ ನೋಡಿದರೆ ನೀವೇ ಮೇಲೆ ಹೋಗಿ ಕುಳಿತಿದ್ದೀರಿ, ಒಂದು ಮಾತೂ ಹೇಳದೆ. ಇಪ್ಪತ್ತೇಳು ವರ್ಷ ದುಬೈಯ ಬಿಸಿಲಿಗೆ ಜಗ್ಗದ ಎದೆ ಊರಿನ ಗಾಳಿ ತಾಗಿ ಮೂರೇ ವಾರಕ್ಕೆ ನಿಲ್ಲುವುದೆಂದರೆ... ಇರಲಿ. ಅಳುವುದಕ್ಕೆ ಬರೆಯುತ್ತಿಲ್ಲ. ನಿಮಗೊಂದು ಸುದ್ದಿ ಉಂಟು, ಅದನ್ನು ಹೇಳದೆ ನನಗೆ ಊಟ ಇಳಿಯುತ್ತಿಲ್ಲ. ನಮಗೆ ಕುರ್ಚಿ ಸಿಕ್ಕಿತು, ಉಮ್ಮರಾಕಾ! ಕರ್ನಾಟಕದವರಿಗೇ ಅಂತ, ಬೇರೆಯದೇ ಕುರ್ಚಿ.

ನೀವು ಆ ಕುರ್ಚಿಗಾಗಿ ಅರ್ಜಿ ಬರೆಸುತ್ತಿದ್ದ ದಿನಗಳು ನೆನಪಾಗುತ್ತವೆ. ಮುಹೈಸ್ನಾದ ಈ ಲೇಬರ್ ಕ್ಯಾಂಪಿನಲ್ಲಿ ಊಟದ ಕಮಿಟಿ ಅಂತ ಒಂದು ಉಂಟಲ್ಲ, ಒಂದೊಂದು ಕಡೆಯವರಿಂದ ಒಬ್ಬೊಬ್ಬ ಹೋಗಿ ಮ್ಯಾನೇಜರ್ ಎದುರು ಕುಳಿತು ಏನು ಬೇಯಿಸಬೇಕು ಅಂತ ಮಾತಾಡುವುದು. ಪಂಜಾಬಿನವರಿಗೆ ಒಂದು ಕುರ್ಚಿ, ನೇಪಾಳದವರಿಗೆ ಒಂದು, ಬಂಗಾಳಿಗಳಿಗೆ ಒಂದು. ನಮಗೆ? ದಕ್ಷಿಣದವರೆಲ್ಲ ಸೇರಿ ಒಂದೇ ಕುರ್ಚಿ, ಅದರಲ್ಲಿ ನಮ್ಮವರು ಅರವತ್ತು ಚಿಲ್ಲರೆ ಜನ, ಉಳಿದವರು ಮುನ್ನೂರು. ನಮ್ಮ ಮಾತು ಬರುವಷ್ಟರಲ್ಲಿ ಮೀಟಿಂಗು ಖಲಾಸ್. "ಬರಿ ವಲ್ಲಿ, ಇನ್ನೊಮ್ಮೆ ಬರಿ. ಅವರ ಫೈಲು ತುಂಬಿ ಹೊಟ್ಟೆನೋವು ಬರ್ಲಿ" ಅಂತ ನೀವು ಹೇಳುತ್ತಿದ್ದಿರಿ, ನಾನು ನನ್ನ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಪ್ರತಿ ಸಲವೂ ಉತ್ತರ ಮಾಫಿ, ಇಲ್ಲವೇ ಇಲ್ಲ.

ಆ ಶುಕ್ರವಾರದ ಬೆಳಿಗ್ಗೆ ನೆನಪುಂಟಾ, ಮೊದಲ ಸಲ ನಾವು ಅಮೆರಿಕದವರ ಡಿಬೇಟು ನೋಡಿದ್ದು? ರಜೆಯ ದಿನ, ಎಲ್ಲರೂ ಮುಸುಕು ಹಾಕಿ ಬಿದ್ದಿದ್ದರು, ಹಾಗಾಗಿ ಮೆಸ್ಸಿನ ಟೀವಿಗೆ ಜಗಳವಿರಲಿಲ್ಲ. ನೀವು ಜುಮಾ ನಮಾಜಿಗೆ ಅಂತ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿ, ಕೈಯಲ್ಲಿ ಖರ್ಜೂರದ ಪೊಟ್ಟಣ ಹಿಡಿದು ಬಂದು ಕುಳಿತಿರಿ. ನಾನು ಕ್ರಿಕೆಟ್ ಹುಡುಕುತ್ತಾ ಚಾನೆಲ್ ತಿರುಗಿಸುತ್ತಿದ್ದೆ. ಹತ್ತು ಜನ ಕೋಟು ಹಾಕಿಕೊಂಡು ಹತ್ತು ಮೈಕಿನ ಹಿಂದೆ ಸಾಲಾಗಿ ನಿಂತದ್ದು ಕಂಡಿತು. "ನಿಲ್ಲು ನಿಲ್ಲು, ಇದೆಂತ ಮದುವೆಗೆ ಗಂಡು ನೋಡುದಾ?" ಅಂದಿರಿ ನೀವು.

ಒಂದೇ ಪಕ್ಷದವರು, ಅವರಲ್ಲಿ ಒಬ್ಬನನ್ನು ಆರಿಸಿ ಆಮೇಲೆ ಅಧ್ಯಕ್ಷನ ಚುನಾವಣೆಗೆ ಬೇರೆ ಪಕ್ಷದ ಎದುರಿಗೆ ಕಳುಹಿಸುತ್ತಾರೆ ಅಂತ ನಾನು ಬಿಡಿಸಿ ಹೇಳಿದೆ. ನೀವು ಬೀಡಿ ಬಿಟ್ಟ ಮೇಲೆ ಕಲಿತ ಹಾಗೆ ಬೆರಳಿನಿಂದ ಗದ್ದ ತಟ್ಟುತ್ತಾ ಯೋಚಿಸಿದಿರಿ. "ಹಾಗಾದ್ರೆ ಇದು ಮನೆಯೊಳಗಿನ ಜಗಳ. ಮನೆಯೊಳಗಿನ ಜಗಳಕ್ಕೆ ಲೆಕ್ಕ ಬೇರೆ. ಗೆದ್ದವ ನಾಳೆ ಸೋತವನನ್ನೇ ಕರ್ಕೊಂಡು ಹೊರಗೆ ಹೋಗ್ಬೇಕಲ್ಲ?" ಅಂದಿರಿ. ಟೀವಿಯಲ್ಲಿ ಎಷ್ಟು ಪಂಡಿತರು ಆಮೇಲೆ ಕುಳಿತು ಏನೇನೋ ವಿಶ್ಲೇಷಣೆ ಮಾಡಿದರು, ಇಷ್ಟು ಸರಳವಾಗಿ ಒಬ್ಬನಾದರೂ ಹೇಳಿದನಾ? ಹೇಳಲಿಲ್ಲ.

ನಿಮಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಾನೇ ದುಭಾಷಿ. ದೊಡ್ಡ ಸ್ವರದವನೊಬ್ಬ ತೆರಿಗೆಯ ಬಗ್ಗೆ ಏನೋ ಅಂದ, ನಾನು ಅದನ್ನು ಕನ್ನಡಕ್ಕೆ ತಂದೆ, ಸ್ವಲ್ಪ ಒಗ್ಗರಣೆ ಹಾಕಿಯೇ ತಂದೆ ಅನ್ನಿ. ನೀವು ಕೈ ಎತ್ತಿ ತಡೆದಿರಿ. "ವಲ್ಲಿ, ಅವ ಎರಡು ಮಾತು ಹೇಳಿದ, ನೀನು ಹನ್ನೆರಡು ಹೇಳಿದಿ. ನೀನು ಅವನಿಗಿಂತ ಚಂದ ಮಾತಾಡ್ತಿ. ನನಗೆ ನಿನ್ನ ಭಾಷಣ ಬೇಡ ಮಾರಾಯ, ಅದು ದಿನಾ ಕೇಳಿ ಸಾಕಾಗಿದೆ." ನನಗೆ ಸಿಟ್ಟು ಬಂತು. ಬರಬೇಕಲ್ಲ! ಚರ್ಚಿನ ಯುವಕರ ಸಂಘದಲ್ಲಿ ಭಾಷಣಕ್ಕೆ ಎರಡು ಸಲ ಬಹುಮಾನ ತೆಗೆದವನು ನಾನು. ರಿಮೋಟು ನಿಮ್ಮ ಕೈಗಿಟ್ಟು ಎದ್ದೆ, ನೀವು ಒಂದು ಖರ್ಜೂರ ಕೊಟ್ಟು ಸಮಾಧಾನ ಮಾಡಿದಿರಿ.

ಆಮೇಲೆ ನಿಮ್ಮ ಮಾರ್ಕು ಹಾಕುವ ಪದ್ಧತಿ ಶುರುವಾಯಿತು. ಪ್ರಶ್ನೆ ಕೇಳುವವರು ಏನು ಕೇಳಿದರು ಅಂತ ಮೊದಲು ನನ್ನಿಂದ ತಿಳಿದುಕೊಳ್ಳುವುದು. ಉತ್ತರ ಕೇಳುವುದು. ಕೇಳಿದ್ದಕ್ಕೇ ಉತ್ತರ ಕೊಟ್ಟಿದ್ದರೆ ಮಾತ್ರ ಒಂದು ಖರ್ಜೂರ ತಿಂದು ಅದರ ಬೀಜವನ್ನು ಮೇಜಿನ ಮೇಲೆ ಇಡುವುದು. ಚಪ್ಪಾಳೆಗೆ ಬೀಜವಿಲ್ಲ, ಜೋಕಿಗೆ ಬೀಜವಿಲ್ಲ, ಅಪ್ಪ ಕಷ್ಟಪಟ್ಟು ಸಾಕಿದ ಕಥೆಗೂ ಇಲ್ಲ. "ಅಪ್ಪ ಎಲ್ಲರದ್ದೂ ಕಷ್ಟಪಟ್ಟಿದ್ದಾನೆ. ಕೇಳಿದ್ದು ಆಸ್ಪತ್ರೆ ವಿಷಯ ಅಲ್ವಾ?" ಎರಡು ತಾಸು ಹತ್ತು ಜನ ಗಂಟಲು ಹರಿದುಕೊಂಡರು. ಕೊನೆಗೆ ಮೇಜಿನ ಮೇಲೆ ಇದ್ದದ್ದು ಮೂರೇ ಮೂರು ಬೀಜ. ನೀವು ಆ ದಿನ ಖರ್ಜೂರಕ್ಕೆ ಹಸಿದೇ ನಮಾಜಿಗೆ ಹೋದಿರಿ.

ಎಡಗಡೆಯ ಕೊನೆಯ ಮೈಕಿನವನ ಮೇಲೆ ನಿಮಗೆ ಎಂಥ ಪ್ರೀತಿ! ಪಾಪ, ಅವನಿಗೆ ಮೊದಲ ಪ್ರಶ್ನೆ ಬಂದದ್ದೇ ಮುಕ್ಕಾಲು ತಾಸಿನ ಮೇಲೆ. ಅವನು ಕೈ ಎತ್ತುತ್ತಾನೆ, ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ನಡುವಿನವರು ಮಾತು ಕಿತ್ತುಕೊಳ್ಳುತ್ತಾರೆ. "ಇವನನ್ನು ಊಟಕ್ಕೆ ಕರ್ದದ್ದು ಯಾಕೆ, ಬಡಿಸುದಿಲ್ಲ ಅಂತಾದ್ರೆ?" ಅಂತ ಟೀವಿಗೇ ಬೈದಿರಿ. ನಾನು ನಕ್ಕೆ. ನೀವು ನಗಲಿಲ್ಲ. "ಆ ಕಮಿಟಿಯಲ್ಲಿ ನಮ್ಮ ಗತಿ ಇದೇ ಅಲ್ವಾ ಮಾರಾಯ" ಅಂದಿರಿ, ಮೆಲ್ಲಗೆ. ಹೌದಲ್ಲ! ಅಷ್ಟು ಹೊತ್ತು ನೋಡಿದರೂ ನನ್ನ ಮಂಡೆಗೆ ಅದು ಹೊಳೆದಿರಲಿಲ್ಲ.

ಚಳಿ ಶುರುವಾದಾಗ ನೀವು ವೀಸಾ ಮುಗಿಸಿ ಹೊರಟಿರಿ. ವಿಮಾನ ನಿಲ್ದಾಣದ ಬಾಗಿಲಲ್ಲಿ ಹೇಳಿದ್ದು ಹೆಂಡತಿ ಮಕ್ಕಳ ವಿಷಯವಲ್ಲ, "ಅರ್ಜಿ ನಿಲ್ಲಿಸ್ಬೇಡ" ಅಂತ. ನಿಲ್ಲಿಸಲಿಲ್ಲ. ನೀವು ತೀರಿಹೋದ ಸುದ್ದಿ ಬಂದ ಮರುವಾರ, ಕಣ್ಣು ಊದಿಸಿಕೊಂಡೇ ಇನ್ನೊಂದು ಬರೆದು ಕೊಟ್ಟೆ. ಅದಾಗಿ ಒಂದು ತಿಂಗಳಿಗೆ ಕ್ಯಾಂಪ್ ಬಾಸ್ ಕರೆದು ನೋಟಿಸು ಕೈಗಿಟ್ಟ. ಕರ್ನಾಟಕಕ್ಕೆ ಬೇರೆ ಕುರ್ಚಿ. ಶನಿವಾರದೊಳಗೆ ಒಂದು ಹೆಸರು ಬರಬೇಕು. ಎರಡು ಹೆಸರು ಬಂದರೆ ಕುರ್ಚಿ ಇಲ್ಲ, ಮೊದಲಿನ ಹಾಗೆ ದಕ್ಷಿಣದವರ ಜೊತೆಗೇ ಇರಿ. ಆ ಕಾಗದ ಹಿಡಿದು ನಾನು ರೂಮಿಗೆ ಓಡಿದೆ, ಓಡಿ ಬಂದು ನಿಮ್ಮ ಮಂಚ ನೋಡಿದೆ. ಅಲ್ಲಿ ಈಗ ಬೇರೆಯವನು ಮಲಗಿದ್ದಾನೆ, ನಿಮಗೆ ಗೊತ್ತಿರಲಿ.

ಎರಡು ದಿನದೊಳಗೆ ಎರಡು ಹೆಸರು ಎದ್ದವು, ಮತ್ತೇನು! ನಮ್ಮ ಕರಾವಳಿಯವರೆಲ್ಲ, ತುಳು, ಬ್ಯಾರಿ, ಕೊಂಕಣಿ ಎಲ್ಲ ಒಟ್ಟಾಗಿ ನನ್ನ ಹೆಸರು ಹಿಡಿದರು. ರಾಯಚೂರು ಕಲಬುರಗಿ ಕಡೆಯವರು ಹನುಮಂತನ ಹೆಸರು. ನಿಮಗೆ ನೆನಪಿರಬಹುದು, ಕಟ್ಟಡಕ್ಕೆ ಸ್ಕ್ಯಾಫೋಲ್ಡಿಂಗ್ ಕಟ್ಟುವ ಹನುಮಂತ, ಮಾತು ಕಡಿಮೆ, ದವಡೆ ದೊಡ್ಡದು. "ಅವರು ಅವರ ಹೆಸರು ಕೊಟ್ರೆ ನಾವು ನಮ್ಮದು ಕೊಡುವ" ಅಂತ ಕಾರ್ಕಳದ ಪ್ರಭಾಕರ ಮೆಟ್ಟಿಲಲ್ಲಿ ನಿಂತು ಕೂಗಿದ. ಆ ಕಡೆಯವರೂ ಅದನ್ನೇ ಕೂಗಿದರು. ಇಷ್ಟು ವರ್ಷ ಅರ್ಜಿ ಬರೆಸಿ ನೀವು ಗಳಿಸಿದ್ದು ಒಂದು ಶನಿವಾರದಲ್ಲಿ ಕೈಬಿಟ್ಟು ಹೋಗುವುದಿತ್ತು. ಆಗ ನಾನೇ ಹೇಳಿದೆ, "ಅಮೆರಿಕದವರ ಹಾಗೆ ಮಾಡುವ. ಎಲ್ಲರ ಎದುರು ಇಬ್ಬರೂ ಮಾತಾಡುದು, ಆಮೇಲೆ ವೋಟು, ಸೋತವ ಬಾಯಿ ಮುಚ್ಚುದು." ಎಲ್ಲರೂ ಒಪ್ಪಿದರು. ಸತ್ಯ ಹೇಳುತ್ತೇನೆ, ಮಾತಿನಲ್ಲಿ ನನ್ನನ್ನು ಹನುಮಂತ ಗೆಲ್ಲುತ್ತಾನಾ ಅಂತ ಒಳಗೊಳಗೇ ನಗು ಬಂದಿತ್ತು.

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಮೆಸ್ಸಿನಲ್ಲಿ ಸೇರಿದೆವು. ಅಂಪೈರು ನಮ್ಮ ಅಡುಗೆಯ ಕುಞಪ್ಪನ್, ಅವನು ಮಲಯಾಳಿ, ಯಾವ ಕಡೆಯೂ ಅಲ್ಲ. ಅನ್ನದ ಎರಡು ಖಾಲಿ ಬಕೆಟ್ಟಿಗೆ ಟವೆಲು ಮುಚ್ಚಿ ಇಟ್ಟ, ವೋಟಿಗೆ ಅಂತ ಒಂದೊಂದು ಚಮಚ ಎಲ್ಲರ ಕೈಗೆ ಕೊಟ್ಟ. ಬಲಗಡೆಯದು ವಲ್ಲಿ, ಎಡಗಡೆಯದು ಹನುಮಂತ, ಯಾರು ಎಲ್ಲಿ ಹಾಕಿದರು ಅಂತ ಯಾರಿಗೂ ಕಾಣಬಾರದು ಅಂತ ನಡುವೆ ಒಂದು ಬೆಡ್‌ಶೀಟು ಕಟ್ಟಿದ. ಎಷ್ಟು ಬುದ್ಧಿವಂತಿಕೆ! ಆದರೆ ನನ್ನ ಬಕೆಟ್ಟು ಸ್ಟೀಲಿನದ್ದು, ಹನುಮಂತನದ್ದು ಪ್ಲಾಸ್ಟಿಕ್ಕಿನದ್ದು. ಆಗ ಅದು ಯಾರಿಗೂ ಹೊಳೆಯಲಿಲ್ಲ.

ಮೊದಲು ನಾನು ಎದ್ದೆ. ಎಂಥ ಭಾಷಣ ಗೊತ್ತುಂಟಾ! ನಿಮ್ಮ ಹೆಸರು ತೆಗೆದೆ, ನಿಮ್ಮ ಅರ್ಜಿಗಳ ಕಥೆ ಹೇಳಿದೆ, ಪ್ರಭಾಕರ ಕಣ್ಣು ಒರೆಸಿಕೊಂಡ. ಕೊನೆಗೆ ಕೈ ಎತ್ತಿ ಹೇಳಿದೆ, "ನಾನು ಆ ಕುರ್ಚಿಯಲ್ಲಿ ಕೂತ ದಿನವೇ ಈ ಮೆಸ್ಸಿಗೆ ನಮ್ಮ ಕುಚ್ಚಲಕ್ಕಿ ಬರ್ತದೆ! ನಾವೆಲ್ಲ ಹುಟ್ಟಿದಾಗಿನಿಂದ ಉಂಡ ಅಕ್ಕಿ!" ಅರ್ಧ ಮೆಸ್ಸು ಎದ್ದು ಮೇಜು ಬಡಿಯಿತು. ಇನ್ನರ್ಧ ಮೆಸ್ಸು ಸುಮ್ಮನೆ ನನ್ನ ಮುಖ ನೋಡುತ್ತಿತ್ತು. ಯಾಕೆ ಅಂತ ನನಗೆ ಅರ್ಥವಾಗಲಿಲ್ಲ, ಅಷ್ಟು ಪೆದ್ದ ನಾನು. ಆರು ವರ್ಷ ಒಂದೇ ಮೆಸ್ಸಿನಲ್ಲಿ ಉಂಡರೂ, ಕರ್ನಾಟಕ ಅಂದರೆ ಕುಚ್ಚಲಕ್ಕಿ ಅಂತಲೇ ನನ್ನ ಮಂಡೆಯಲ್ಲಿ. ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು ಇದು, ಅಲ್ಲವಾ?

ಹನುಮಂತ ಕೂತಲ್ಲಿಂದಲೇ ಕೇಳಿದ. "ವಲ್ಲಿ ಅಣ್ಣಾರ, ಒಂದು ಮಾತು ಕೇಳ್ತೀನ್ರಿ. ನಿಮ್ಮ ಅಕ್ಕಿ ಬಂತು ಅಂತ ತಿಳಕೋರಿ. ನಮ್ಮ ಜ್ವಾಳದ ರೊಟ್ಟಿ ಯಾವಾಗ ಬರ್ತೈತ್ರಿ?"

ನಾನು ಏನು ಹೇಳಬಹುದಿತ್ತು? ಮರೆತೆ ಮಾರಾಯ, ತಪ್ಪಾಯಿತು ಅನ್ನಬಹುದಿತ್ತು. ಎರಡನ್ನೂ ಒಟ್ಟಿಗೆ ಕೇಳುತ್ತೇನೆ ಅನ್ನಬಹುದಿತ್ತು. ನಾನು ಒಗ್ಗಟ್ಟಿನ ಬಗ್ಗೆ ಮಾತಾಡಿದೆ! ನಾವೆಲ್ಲ ಒಂದೇ ತಾಯಿಯ ಮಕ್ಕಳು ಅಂದೆ, ಅಕ್ಕಿ ರೊಟ್ಟಿ ಅಂತ ಮನಸ್ಸು ಒಡೆಯಬಾರದು ಅಂದೆ, ಅಲ್ ಮೀನಾದ ಸೈಟಿನಲ್ಲಿ ನಾವು ಒಂದೇ ಬಾಟಲಿ ನೀರು ಹಂಚಿಕೊಂಡ ಕಥೆ ಹೇಳಿದೆ. ಐದು ನಿಮಿಷ. ನಮ್ಮವರು ಚಪ್ಪಾಳೆ ತಟ್ಟಿದರು. ಹನುಮಂತ ಚಪ್ಪಾಳೆ ನಿಲ್ಲುವ ತನಕ ಕಾದು, "ಯಾವಾಗ ಅಂತ ಕೇಳಿದ್ನ್ರಿ" ಅಂದ. ಅಷ್ಟೇ. ಮೆಸ್ಸಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನನಗೆ ರೇಗಿತು, ನಿಮಗೆ ಗೊತ್ತಲ್ಲ ನನ್ನ ಸಿಟ್ಟು. ಬೀಳಿಸಿಯೇ ಬಿಡುತ್ತೇನೆ ಅಂತ ಒಂದು ಪ್ರಶ್ನೆ ಬಿಟ್ಟೆ. "ಹನುಮಂತ, ಮ್ಯಾನೇಜರ್ ಮಾತಾಡುದು ಇಂಗ್ಲಿಷಿನಲ್ಲಿ. ನಿನಗೆ ಇಂಗ್ಲಿಷ್ ಬರುದಿಲ್ಲ, ಹಿಂದಿ ಅರ್ಧ. ಅವ ಪಟಪಟ ಹೇಳಿದ್ರೆ ನೀನು ಏನು ಮಾಡ್ತಿ?" ಕರಾವಳಿಯವರು ಓ ಅಂತ ಕೂಗಿದರು. ನಾನು ಎದೆ ಸೆಟೆದು ನಿಂತೆ.

ಹನುಮಂತ ಎದ್ದು ನಿಂತ. "ತಿಳೀಲಿಲ್ಲ ಅಂತೀನಿ. ಮತ್ತ ಹೇಳಂತೀನಿ. ಮತ್ತೂ ತಿಳೀಲಿಲ್ಲಂದ್ರ ನಿಮ್ಮನ್ನ ಕರಸಂತೀನಿ. ತಿಳಿಯೋ ತನಕ ಕುರ್ಚಿ ಬಿಟ್ಟು ಏಳಂಗಿಲ್ಲ." ಹೇಳಿ ಕುಳಿತುಬಿಟ್ಟ.

ಉಮ್ಮರಾಕಾ, ಆಗ ನಿಮ್ಮ ನೆನಪಾಯಿತು. ನೀವು ಪಕ್ಕದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಅಂತ ನನಗೆ ಗೊತ್ತಲ್ಲ? ಒಂದು ಖರ್ಜೂರ ಬಾಯಿಗೆ ಹಾಕಿ, ನಿಧಾನ ತಿಂದು, ಬೀಜವನ್ನು ಹನುಮಂತನ ಎದುರು ಇಡುತ್ತಿದ್ದಿರಿ. ನನ್ನ ಎದುರು ಏನೂ ಇಲ್ಲ. ಅಷ್ಟು ಮಾತಾಡಿ ಒಂದೂ ಇಲ್ಲ. ಟೀವಿಯಲ್ಲಿ ಹತ್ತು ಜನರನ್ನು ನೋಡಿ ನಿಮ್ಮ ಜೊತೆ ಸೇರಿ ನಕ್ಕವನು ನಾನು, ಈಗ ಹನ್ನೊಂದನೆಯ ಮೈಕಿನ ಹಿಂದೆ ನಾನೇ ನಿಂತಿದ್ದೆ. ನಾಚಿಕೆಯಾಯಿತು. ಸಿಟ್ಟೂ ಇಳಿಯಿತು. ನಡುವಿನವರ ಗಲಾಟೆಯಲ್ಲಿ ನಮ್ಮ ಮಾತು ಕಳೆದುಹೋಗದ ಹಾಗೆ ಆ ಕುರ್ಚಿಯಲ್ಲಿ ಕೂರುವವನು ಯಾರು? ಚಂದ ಮಾತಾಡಿ ಎದ್ದು ಬರುವ ನಾನಾ, ತಿಳಿಯುವ ತನಕ ಏಳದ ಇವನಾ?

ರೂಮಿನ ನಂಬರಿನ ಪ್ರಕಾರ ವೋಟು, ನಮ್ಮ ರೂಮು ಮೊದಲನೆಯದು. ಕುಞಪ್ಪನ್ ನನ್ನ ಹೆಸರನ್ನೇ ಮೊದಲು ಕರೆದ. ಬೆಡ್‌ಶೀಟಿನ ಹಿಂದೆ ಹೋದೆ. ಸುಳ್ಳು ಹೇಳುವುದಿಲ್ಲ, ಗೆಲ್ಲುವ ಆಸೆ ಇತ್ತು, ಗಂಟಲ ತನಕ ಇತ್ತು. ಊರಿಗೆ ಫೋನ್ ಮಾಡಿ ಹೆಂಡತಿಗೆ ಹೇಳುವುದನ್ನೂ ಮನಸ್ಸಿನಲ್ಲಿ ಕಟ್ಟಿಟ್ಟಿದ್ದೆ. ಚಮಚವನ್ನು ಎಡಗಡೆಯ ಬಕೆಟ್ಟಿಗೆ ಹಾಕಿದೆ.

ಟಪ್.

ಪ್ಲಾಸ್ಟಿಕ್ಕಿನ ಸದ್ದು! ಇಡೀ ಮೆಸ್ಸಿಗೆ ಕೇಳಿಸಿತು. ನಾನು ಹೊರಗೆ ಬಂದಾಗ ಪ್ರಭಾಕರ ಬಾಯಿ ಕಳೆದು ನಿಂತಿದ್ದ. "ವಲ್ಲಿ, ಮಂಡೆ ಸರಿ ಉಂಟಾ ನಿಂಗೆ? ಬಕೆಟ್ಟು ತಪ್ಪಿತಾ?" ತಪ್ಪಿತು ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. "ತಪ್ಪಿದ್ದು ನನ್ನ ಉತ್ತರ. ಅವ ಕೇಳಿದ್ದು ಯಾವಾಗ ಅಂತ, ನಾನು ಹೇಳಿದ್ದು ಊರ ಪುರಾಣ. ಬಕೆಟ್ಟು ಸರಿಯೇ ಉಂಟು" ಅಂದೆ. ಜೀವಮಾನದಲ್ಲಿ ನಾನು ಮಾಡಿದ ಅತಿ ಚಿಕ್ಕ ಭಾಷಣ ಅದು, ಉಮ್ಮರಾಕಾ. ನೀವು ಕೇಳಬೇಕಿತ್ತು.

ಆಮೇಲೆ ಒಬ್ಬೊಬ್ಬರೇ ಹೋದರು. ಠಣ್. ಟಪ್. ಠಣ್. ಟಪ್. ಟಪ್. ಗುಟ್ಟಿನ ವೋಟು ಅಂತ ಬೆಡ್‌ಶೀಟು ಕಟ್ಟಿ, ಎಲ್ಲರೂ ಕಿವಿಯಲ್ಲೇ ಎಣಿಸುತ್ತಿದ್ದರು! ಕುಞಪ್ಪನ್ ತಲೆ ಚಚ್ಚಿಕೊಂಡ. ಪ್ರಭಾಕರ ನನ್ನನ್ನು ದುರುಗುಟ್ಟಿ ನೋಡುತ್ತಾ ಒಳಗೆ ಹೋದ, ತುಂಬಾ ಹೊತ್ತು ಸದ್ದೇ ಇಲ್ಲ. ಕೊನೆಗೆ ಟಪ್ ಅಂತ ಕೇಳಿದಾಗ ನಾನು ಕೂಗಿಯೇ ಬಿಟ್ಟೆ. ಹನುಮಂತ ಮಾತ್ರ ಒಳಗೆ ಹೋಗಿ ಠಣ್ ಅನ್ನಿಸಿ ಬಂದ. "ತನ್ನ ಹೆಸರಿಗೆ ತಾನ ಹಾಕ್ಕೊಳ್ಳಾದು ಚಲೋ ಕಾಣಂಗಿಲ್ರಿ" ಅಂದ, ಮುಖ ಕೆಂಪು ಮಾಡಿಕೊಂಡು. ಸ್ಟೀಲಿನಲ್ಲಿ ಹತ್ತೊಂಬತ್ತು ಚಮಚ, ಪ್ಲಾಸ್ಟಿಕ್ಕಿನಲ್ಲಿ ನಲವತ್ತೆರಡು. ಎರಡನೆಯ ಹೆಸರಿನ ಮಾತನ್ನು ಒಬ್ಬನೂ ಎತ್ತಲಿಲ್ಲ. ಆ ಸಂಜೆಯೇ ಅರವತ್ತೊಂದು ಜನ ಗುಂಪಾಗಿ ಕ್ಯಾಂಪ್ ಬಾಸ್ ಆಫೀಸಿಗೆ ನಡೆದೆವು, ಒಂದು ಕಾಗದದಲ್ಲಿ ಒಂದೇ ಹೆಸರು. ಅವನು ಗಲಾಟೆಗೆ ಬಂದರು ಅಂತ ಹೆದರಿ ಬಾಗಿಲಿಗೆ ಬಂದ. ಹೆಸರು ಬರೆದದ್ದು ನನ್ನ ಕೈಯಿಂದಲೇ, ನಿಮ್ಮ ಅರ್ಜಿಗಳನ್ನು ಬರೆದ ಅದೇ ಅಕ್ಷರದಲ್ಲಿ.

ಮೊದಲ ಮೀಟಿಂಗಿನ ದಿನ ನಾವು ಹೊರಗೆ ಬಿಸಿಲಲ್ಲಿ ಕಾದು ನಿಂತೆವು. ಬೇರೆಯವರೆಲ್ಲ ಒಂದು ತಾಸಿಗೆ ಹೊರಬಂದರು. ನಮ್ಮವನು ಬರಲಿಲ್ಲ. ಒಂದೂವರೆ ತಾಸು. ನೇಪಾಳದವನನ್ನು ಕೇಳಿದರೆ, "ತುಮ್ಹಾರಾ ಆದ್ಮಿ ಉಠ್ತಾ ಹೀ ನಹೀಂ" ಅಂತ ನಕ್ಕು ಹೋದ, ನಿಮ್ಮ ಮನುಷ್ಯ ಏಳುವುದೇ ಇಲ್ಲವಂತೆ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು, ನಮಗೂ ನಗು ತಡೆಯಲಿಲ್ಲ. ಎರಡು ತಾಸಾದ ಮೇಲೆ ಹನುಮಂತ ಬಂದ, ಅಂಗಿಯೆಲ್ಲ ಬೆವರು, ಒಳಗೆ ಏಸಿ ಇದ್ದರೂ.

"ಏನಾಯ್ತು ಮಾರಾಯ?" ಅಂದೆ.

"ನಿಮ್ಮ ಕೆಂಪಕ್ಕಿ ಮೊದಲ ಕೇಳಿದೆ. ಆಗ್ಲಿ ಅಂದ್ರು, ಮುಂದಿನ ಶುಕ್ರವಾರದಿಂದ."

"ರೊಟ್ಟಿ?"

"ಇಲ್ಲಿ ಬಡಿಯೋರಿಲ್ಲ ಅಂತ ಏನೇನೋ ಹೇಳಿದ್ರು. ತಿಳೀಲಿಲ್ಲ ಅಂದೀನಿ. ಮುಂದಿನ ವಾರ ಮತ್ತ ಹೋಗಿ ಕೂಡ್ತೀನಿ."

ಯಾಕೆ ನಮ್ಮದನ್ನು ಮೊದಲು ಕೇಳಿದೆ ಅಂತ ಪ್ರಭಾಕರ ಕೇಳಿದ, ಸ್ವರ ಸಣ್ಣದಾಗಿತ್ತು ಅವನದ್ದು. "ಸೋತೋರ್ದು ಮೊದಲ ಕೇಳಬೇಕಲ್ರಿ" ಅಂದ ಹನುಮಂತ, ಅದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ. ನಾನು ಅವನನ್ನು ಅಲ್ಲೇ ಅಪ್ಪಿಕೊಂಡೆ. ಪ್ರಭಾಕರನೂ ಅಪ್ಪಿಕೊಂಡ, ಅದು ನನ್ನಿಂದ ನೋಡಿ ಕಲಿತದ್ದು ಅಂತ ಬರೆಯುತ್ತೇನೆ, ಅವನು ಓದುವುದಿಲ್ಲವಲ್ಲ.

ಅಮೆರಿಕದವರು ಇನ್ನೂ ಕಚ್ಚಾಡುತ್ತಲೇ ಇದ್ದಾರೆ. ನಿಮ್ಮ ಕೊನೆಯ ಮೈಕಿನವನು ಯಾವತ್ತೋ ಮನೆಗೆ ಹೋದ, ಅವನ ಬಗ್ಗೆ ಬೇಸರ ಮಾಡಬೇಡಿ. ಶುಕ್ರವಾರದ ಬೆಳಿಗ್ಗೆ ಈಗ ನಾನೂ ಹನುಮಂತನೂ ನೋಡುತ್ತೇವೆ, ನಾನು ಒಗ್ಗರಣೆ ಹಾಕದೆ ಕನ್ನಡಕ್ಕೆ ತರುತ್ತೇನೆ. ಮುಂದಿನ ವರ್ಷ ನಮ್ಮಲ್ಲಿ ಮತ್ತೆ ಆರಿಸಬೇಕಂತೆ, ಆಗ ಅವನ ಎದುರಿಗೇ ನಿಲ್ಲುತ್ತೇನೆ. ಕೇಳಿದ್ದಕ್ಕೆ ಉತ್ತರ ಕೊಟ್ಟೇ ಗೆಲ್ಲುತ್ತೇನೆ, ಇದು ನಿಮಗೆ ಕೊಡುವ ಮಾತು.

ಹನುಮಂತ ನಾಲ್ಕು ವಾರ ಹೋಗಿ ಕುಳಿತ. ನಿನ್ನೆ ಮಧ್ಯಾಹ್ನ ರೊಟ್ಟಿ ಬಂತು. ಬಡಿದದ್ದು ಅವನೇ, ಕುಞಪ್ಪನ್‌ಗೆ ಕಲಿಸುತ್ತಾ. ಒಂದು ಪಾತ್ರೆಯಲ್ಲಿ ನಮ್ಮ ಗಂಜಿ, ಪಕ್ಕದಲ್ಲಿ ಅವರ ರೊಟ್ಟಿ. ಬಾಗಿಲ ಹತ್ತಿರದ ಬೋರ್ಡಿನಲ್ಲಿ ಕಮಿಟಿಯ ಪಟ್ಟಿ ಅಂಟಿಸಿದ್ದಾರೆ, ಅಚ್ಚು ಹಾಕಿಸಿದ್ದು. ಅದರಲ್ಲಿ ಕರ್ನಾಟಕ ಅಂತ ಒಂದು ಸಾಲು ಉಂಟು, ಅದರ ಮುಂದೆ ನನ್ನನ್ನು ಸೋಲಿಸಿದವನ ಹೆಸರು. ಪ್ಲೇಟು ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ನಾನು ಅದನ್ನು ಗಟ್ಟಿಯಾಗಿ ಓದಿದೆ, ಉಮ್ಮರಾಕಾ, ಮೂರು ಸಲ.